ಅಮೆರಿಕದ ಹಗರಣವೂ ಪಕ್ಕದ ಮನೆಯ ಡಬ್ಬವೂ

ಲಂಡನ್ನಿನ ರೇನರ್ಸ್ ಲೇನಿನ ಕನ್ನಡಿಗರಲ್ಲಿ ಭ್ರಷ್ಟಾಚಾರದ ವಿಷಯವನ್ನು ನನ್ನಷ್ಟು ಆಳವಾಗಿ ಅಧ್ಯಯನ ಮಾಡಿದವರು ಆಗ ಯಾರೂ ಇರಲಿಲ್ಲ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ತೊಂಬತ್ತರ ದಶಕದ ಕೊನೆಯ ಮಾತು. ಬೆಳಿಗ್ಗೆ ಟ್ಯೂಬ್ ರೈಲಿನಲ್ಲಿ ಪಾರ್ಕ್ ರಾಯಲ್‌ಗೆ ಕೆಲಸಕ್ಕೆ ಹೋಗುವಾಗ ಯಾರೋ ಓದಿ ಬಿಟ್ಟುಹೋದ ಪತ್ರಿಕೆ ಸೀಟಿನ ಮೇಲೆ ಬಿದ್ದಿರುತ್ತಿತ್ತು. ಆ ಪತ್ರಿಕೆಗಳ ತುಂಬ ಅದೊಂದೇ ಸುದ್ದಿ. ಅಮೆರಿಕದ ರಾಜಕಾರಣಿಯೊಬ್ಬ ದೂರದ ಯಾವುದೋ ದೇಶದ ವ್ಯಾಪಾರಿಯಿಂದ ರತ್ನಗಂಬಳಿ, ಕೈಗಡಿಯಾರ, ಹೆಂಡತಿಗೊಂದು ತುಪ್ಪಳದ ಕೋಟು ಪಡೆದಿದ್ದ. ಬದಲಿಗೆ ಆ ವ್ಯಾಪಾರಿಯ ಪರವಾಗಿ ಹೇಳಬೇಕಾದಲ್ಲಿ ಒಂದು ಮಾತು ಹೇಳಿದ್ದ. ಕೇಳಿದರೆ, "ಅವನು ನನ್ನ ಸ್ನೇಹಿತ, ಅವು ಬರೀ ಉಡುಗೊರೆ" ಎಂದಿದ್ದ.

ನಾನು ಒಂದು ಆಹಾರ ಗೋದಾಮಿನ ಆಫೀಸಿನಲ್ಲಿದ್ದೆ. ಅಲ್ಲಿ ನನ್ನ ಎದುರಿನ ಮೇಜಿನ ಕೀತ್ ಎಂಬ ಇಂಗ್ಲಿಷಿನವನಿಗೆ ಈ ಸುದ್ದಿ ಕೇಳಿ ಬಲು ಸಂತೋಷವಾಗಿತ್ತು. "ನಮ್ಮವರು ಹೆಂಗಸರ ವಿಷಯದಲ್ಲಿ ಸಿಕ್ಕಿಬೀಳುತ್ತಾರೆ. ಗಂಬಳಿಗಾಗಿ ಸಿಕ್ಕಿಬೀಳುವುದು ಅಮೆರಿಕದವರು ಮಾತ್ರ" ಎಂದು ಇಡೀ ದಿನ ನಗುತ್ತಿದ್ದ. ಪಕ್ಕದ ಮನೆಯ ಗ್ರೆಗರಿ ಪೊರ್ಬುಗಳು ನಕ್ಕಿರಲಿಲ್ಲ. ಅವರು ಉಡುಪಿ ಕಡೆಯ ಕೊಂಕಣಿ ಕ್ರೈಸ್ತರು, ಸಣ್ಣದೊಂದು ಕೇಟರಿಂಗ್ ಅಡುಗೆಮನೆ ನಡೆಸುತ್ತಿದ್ದ ಹಿರಿಯರು. ನಮ್ಮ ಕಡೆ ಅವರಲ್ಲಿ ಗಂಡಸರನ್ನು ಪೊರ್ಬುಗಳು, ಹೆಂಗಸರನ್ನು ಬಾಯಿ ಎಂದು ಗೌರವದಿಂದ ಕರೆಯುವುದು ರೂಢಿ. ಪೊರ್ಬುಗಳಿಗೆ ಆ ರಾಜಕಾರಣಿಯ ಮೇಲೆ ಕನಿಕರವಿತ್ತು.

"ಎಂತ ಮಾರಾಯ್ರೆ, ಒಂದು ಗಂಬಳಿಗೆ ಇಷ್ಟು ಗಲಾಟೆಯಾ? ಈ ಲೆಕ್ಕದಲ್ಲಿ ನಮ್ಮ ಊರಲ್ಲಿ ಒಬ್ಬ ಸಹ ಕುರ್ಚಿಯಲ್ಲಿ ಉಳಿಯುದಿಲ್ಲ" ಎಂದರು.

ನನ್ನ ಹೆಂಡತಿ ವಸುಧಾ ಧಾರವಾಡದವಳು. ನಾನು ಇಡೀ ಹಗರಣವನ್ನು ವಿವರವಾಗಿ ಹೇಳಿ ಮುಗಿಸಿದ ಮೇಲೆ ಅವಳು ಕೇಳಿದ್ದು ಆ ರತ್ನಗಂಬಳಿಯ ಬಗ್ಗೆ ಒಂದೇ ಪ್ರಶ್ನೆ: "ಗಾಲಿಚಾ ಚಂದ ಇತ್ತೇನ್ರಿ?"

ಜನರಲ್ಲಿ ಇಷ್ಟೊಂದು ಅಜ್ಞಾನವಿರುವಾಗ ನನ್ನಂಥವನ ಜವಾಬ್ದಾರಿ ಹೆಚ್ಚಾಗುವುದು ಸಹಜ. ಆ ವರ್ಷ ನಮ್ಮ ಕನ್ನಡ ಸಂಘದ ರಾಜ್ಯೋತ್ಸವಕ್ಕೆ ಊಟದ ಉಸ್ತುವಾರಿ ನನ್ನ ಪಾಲಿಗೆ ಬಂತು. ಬಂತು ಎಂದರೆ, ಸಭೆಯಲ್ಲಿ ಉಳಿದವರೆಲ್ಲ ತಲೆ ತಗ್ಗಿಸಿ ಕುಳಿತಿದ್ದಾಗ ನಾನೊಬ್ಬನೇ ಅಧ್ಯಕ್ಷ ನಂಜುಂಡಯ್ಯನವರ ಮುಖ ನೋಡಿದೆ. ಅಡುಗೆ ಯಾರಿಗೆ ಕೊಡಬೇಕು ಎಂದು ತೀರ್ಮಾನಿಸುವುದು ನನ್ನ ಕೆಲಸ. ಹಿಂದಿನ ವರ್ಷಗಳಲ್ಲಿ ಗ್ರೆಗರಿ ಪೊರ್ಬುಗಳೇ ಮಾಡಿದ್ದರು. ಈ ಸಲ ಎಜ್‌ವೇರಿನಲ್ಲಿ ಹೊಸದಾಗಿ ಹೋಟೆಲು ತೆರೆದ ಭಟ್ಟರೂ ಮಾಡುತ್ತೇವೆ ಎಂದಿದ್ದರು. ನಾನು ಎದ್ದು ನಿಂತು, ಪಾರದರ್ಶಕತೆ ಎಂಬ ಪದವನ್ನು ಹಲವು ಬಾರಿ ಬಳಸಿ ಸಣ್ಣದೊಂದು ಭಾಷಣ ಮಾಡಿದೆ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಕಾಫಿ ಬಂದಿತ್ತು.

ಮನೆಗೆ ಬರುವಷ್ಟರಲ್ಲಿ ನನಗೊಂದು ವಿಷಯ ಹೊಳೆಯಿತು. ಗ್ರೆಗರಿ ಪೊರ್ಬುಗಳ ಹೆಂಡತಿ ಫ್ಲಾವಿಯಾ ಬಾಯಿ ದಿನ ಬಿಟ್ಟು ದಿನ ನಮ್ಮ ಮನೆಗೆ ಸ್ಟೀಲಿನ ಡಬ್ಬದಲ್ಲಿ ಏನಾದರೂ ಕಳಿಸುತ್ತಿದ್ದರು!

ಅದಕ್ಕೆ ಕಾರಣವಿತ್ತು. ವಸುಧಾ ತುಂಬು ಬಸುರಿ. ಅವಳ ತಾಯಿ ಬಾಣಂತನಕ್ಕೆ ಬರಬೇಕಿದ್ದವರು ಧಾರವಾಡದಲ್ಲಿ ಮೆಟ್ಟಿಲ ಮೇಲೆ ಜಾರಿ ಕಾಲು ಮುರಿದುಕೊಂಡು ಮಲಗಿದ್ದರು. ನನ್ನ ಅಮ್ಮ ಕುಂದಾಪುರದಿಂದ ಭಾನುವಾರ ಫೋನು ಮಾಡಿ ಕಷಾಯದ ವಿವರ ಹೇಳುತ್ತಿದ್ದರೇ ಹೊರತು ವಿಮಾನ ಹತ್ತುವ ಮಾತೆತ್ತುತ್ತಿರಲಿಲ್ಲ. ವಸುಧಾ ಹೆದರಿ ಅತ್ತ ದಿನ ಫ್ಲಾವಿಯಾ ಬಾಯಿ ಬಂದು ಅವಳ ತಲೆ ಸವರಿದ್ದರು. "ನಾನುಂಟಲ್ಲ ಮಗಾ. ಆಸ್ಪತ್ರೆಗೂ ನಾನು ಬರ್ತೇನೆ, ಎಣ್ಣೆ ನೀರೂ ನಾನೇ ಹಾಕ್ತೇನೆ. ನಾಲ್ಕು ಹೆತ್ತವಳು ನಾನು" ಎಂದಿದ್ದರು. ಆ ದಿನದಿಂದ ವಸುಧಾ ನೆಮ್ಮದಿಯಾಗಿ ನಿದ್ದೆ ಮಾಡುತ್ತಿದ್ದಳು. ನಾನೂ ಅಷ್ಟೆ. ಹೆರಿಗೆಯ ವಿಷಯದಲ್ಲಿ ನನ್ನಿಂದ ಏನೂ ಆಗುವುದಿಲ್ಲ ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು.

ಬಾಯಿ ಕಳಿಸುತ್ತಿದ್ದ ಸಾನ್ನ, ಪತ್ರೊಡೆ, ಕಡಲೆ ಗಸಿ ಇವು ಮಾತ್ರ ವಸುಧಾಳ ಹೊಟ್ಟೆಯಲ್ಲಿ ನಿಲ್ಲುತ್ತಿದ್ದವು. ಆದರೆ ಈಗ ಪರಿಸ್ಥಿತಿ ಬದಲಾಗಿತ್ತು. ತೀರ್ಮಾನ ಕೈಗೊಳ್ಳುವ ಅಧಿಕಾರಿಯ ಮನೆಗೆ, ಕಂತ್ರಾಟು ಬಯಸುವ ವ್ಯಾಪಾರಿಯ ಮನೆಯಿಂದ, ಸ್ನೇಹದ ಹೆಸರಿನಲ್ಲಿ, ಬೇಲಿ ದಾಟಿ ವಸ್ತುಗಳು ಬರುತ್ತಿವೆ. ಗಂಬಳಿಯಾದರೇನು, ಪತ್ರೊಡೆಯಾದರೇನು? ಅಮೆರಿಕದವನೂ ಹೀಗೆಯೇ ಶುರು ಮಾಡಿರಬೇಕು.

"ಇನ್ನು ರಾಜ್ಯೋತ್ಸವ ಮುಗಿಯುವವರೆಗೆ ಆ ಮನೆಯ ಡಬ್ಬ ಈ ಮನೆಗೆ ಬರಕೂಡದು" ಎಂದು ಘೋಷಿಸಿದೆ.

ವಸುಧಾ ಸೋಫಾದಿಂದ ಕಷ್ಟಪಟ್ಟು ಎದ್ದು ಕುಳಿತಳು. "ಅಮೆರಿಕಾದಾಂವ ಗಾಲಿಚಾ ತಗೊಂಡ್ರ ನಾ ಯಾಕ ಉಪವಾಸ ಇರಬೇಕ್ರಿ?"

"ಇದು ತತ್ವದ ಪ್ರಶ್ನೆ."

"ತತ್ವ ನೀವು ತಿನ್ರಿ. ನನಗ ಪತ್ರೊಡಿ ಬೇಕು."

ಆ ವೇಳೆಗೆ ಒಂದು ಡಬ್ಬ ಬಂದೂ ಆಗಿತ್ತು, ವಸುಧಾ ಅದನ್ನು ಮುಗಿಸಿಯೂ ಆಗಿತ್ತು. ಈಗ ಡಬ್ಬ ಹಿಂತಿರುಗಿಸಬೇಕು. ನಮ್ಮವರಲ್ಲಿ ಇದಕ್ಕೊಂದು ಕ್ರಮವಿದೆ, ಓದುಗರಿಗೆ ನಾನು ಹೇಳಬೇಕಾಗಿಲ್ಲ. ಯಾರ ಮನೆಯ ಪಾತ್ರೆಯನ್ನೂ ಖಾಲಿ ಕೊಡುವುದಿಲ್ಲ. ಏನೂ ಇಲ್ಲದಿದ್ದರೆ ಚಿಟಿಕೆ ಸಕ್ಕರೆಯನ್ನಾದರೂ ಹಾಕಿ ಕೊಡುತ್ತೇವೆ. ವಸುಧಾ ಅದಕ್ಕೆಂದು ಶೇಂಗಾ ಉಂಡೆ ತೆಗೆದಿಟ್ಟಿದ್ದಳು. ನಾನು ಅದನ್ನು ನೋಡಿ ಬೆಚ್ಚಿಬಿದ್ದೆ. ಕೊಟ್ಟಿದ್ದಕ್ಕೆ ಪ್ರತಿಯಾಗಿ ಇನ್ನೊಂದು ಕೊಡುವುದು! ಪತ್ರಿಕೆಗಳು ಬರೆಯುತ್ತಿದ್ದ ಕೊಡುಕೊಳ್ಳುವಿಕೆ ಎಂದರೆ ಇದೇ ಅಲ್ಲವೇ? ಉಂಡೆಗಳನ್ನು ಕಪಾಟಿನಲ್ಲಿಟ್ಟು, ಡಬ್ಬವನ್ನು ಫಳಫಳ ಹೊಳೆಯುವಂತೆ ತೊಳೆದು ಒರೆಸಿ, ಬರಿದಾಗಿ ಒಯ್ದು ಬಾಯಿಯವರ ಕೈಗೆ ಕೊಟ್ಟೆ.

"ಇನ್ನು ಕಳಿಸಬೇಡಿ ಬಾಯಿ. ಕಾರಣ ಈಗ ಹೇಳುವ ಹಾಗಿಲ್ಲ" ಎಂದೆ. ತನಿಖೆ ನಡೆಯುತ್ತಿರುವಾಗ ಅಧಿಕಾರಿಗಳು ಹಾಗೆಯೇ ಹೇಳುತ್ತಾರೆ ಎಂದು ಓದಿದ್ದೆ.

ಬಾಯಿ ಮುಚ್ಚಳ ತೆಗೆದು ಒಳಗೆ ನೋಡಿದರು. ನನ್ನ ಮುಖ ನೋಡಿದರು. ಮತ್ತೆ ಮುಚ್ಚಳ ಹಾಕಿದರು.

"ವಸುಧಾ ಸೌಖ್ಯ ಉಂಟಲ್ಲ?" ಎಂದು ಮಾತ್ರ ಕೇಳಿದರು.

"ಸೌಖ್ಯ" ಎಂದೆ. ಅವರು ಮೆಲ್ಲನೆ ಬಾಗಿಲು ಹಾಕಿಕೊಂಡರು. ನಾನು ಶುದ್ಧಹಸ್ತನಾಗಿ ಮನೆಗೆ ಬಂದು ವಸುಧಾಳಿಗೆ ನನ್ನ ಕೈಯಾರೆ ಉಪ್ಪಿಟ್ಟು ಮಾಡಿಕೊಟ್ಟೆ. ಅದು ಅವಳ ಹೊಟ್ಟೆಯಲ್ಲಿ ನಿಲ್ಲಲಿಲ್ಲ. ನನ್ನ ಹೊಟ್ಟೆಯಲ್ಲೂ ಕಷ್ಟಪಟ್ಟೇ ನಿಂತಿತು.

ಮುಂದಿನ ವಾರ ಆಸ್ಪತ್ರೆಗೆ ತೋರಿಸಲು ಹೋಗಬೇಕಿತ್ತು. ಎಂದಿನಂತೆ ಗ್ರೆಗರಿ ಪೊರ್ಬುಗಳು ತಮ್ಮ ವ್ಯಾನು ತಂದು ಮನೆಯೆದುರು ನಿಲ್ಲಿಸಿದರು. ಅಮೆರಿಕದ ಹಗರಣದಲ್ಲಿ ಪ್ರಯಾಣ ಸೌಲಭ್ಯದ ಆರೋಪವೂ ಇತ್ತು. ನಾನು ಹೊರಗೆ ಹೋಗಿ, ನಾವು ಬಸ್ಸಿನಲ್ಲಿ ಹೋಗುತ್ತೇವೆ ಎಂದು ವಿನಯದಿಂದ ತಿಳಿಸಿದೆ. ಪೊರ್ಬುಗಳು ವಸುಧಾಳಿಗೆಂದು ತೆರೆದಿಟ್ಟಿದ್ದ ವ್ಯಾನಿನ ಬಾಗಿಲನ್ನು ಎಳೆದು ಮುಚ್ಚಿದರು. "ಆಯ್ತು ಮಾರಾಯ್ರೆ. ನಿಮ್ಮ ಇಷ್ಟ" ಎಂದು ಹೊರಟುಹೋದರು.

ತತ್ವನಿಷ್ಠನಿಗೆ ಬಸ್ಸಿನ ನಂಬರು ಗೊತ್ತಿರಬೇಕೆಂದೇನೂ ಇಲ್ಲ. ನಾವು ಹತ್ತಿದ ಬಸ್ಸು ಸರಿಯಾದದ್ದೇ, ಆದರೆ ಅದು ಆಸ್ಪತ್ರೆಯ ಕಡೆಯಿಂದ ಬರುತ್ತಿತ್ತು. ಕಾಣದ ಬೀದಿಗಳನ್ನೆಲ್ಲ ಕಂಡು, ಇಳಿದು, ಇನ್ನೊಂದು ಬಸ್ಸಿಗೆ ಕಾದು ನಾವು ತಲುಪುವ ಹೊತ್ತಿಗೆ ನಮ್ಮ ಸರದಿ ಕಳೆದಿತ್ತು. ನರ್ಸು ಇನ್ನೊಂದು ದಿನ ಬನ್ನಿ ಎಂದಳು. ವಾಪಸು ಬರಲು ಬಸ್ ಸ್ಟಾಪಿನಲ್ಲಿ ಕುಳಿತಾಗ ವಸುಧಾ ಊದಿಕೊಂಡ ಕಾಲುಗಳನ್ನು ನೋಡುತ್ತ ಹೇಳಿದಳು.

"ಬಾಯಿ ಬರೂದ ಬಿಟ್ಟಾರ. ಮೊದಲೆಲ್ಲ ದಿನಾ ಬಂದು ಕಾಲು ಒತ್ತಿ ಹೋಗ್ತಿದ್ರು. ನೀವು ಅವರಿಗೆ ಏನಂದ್ರಿ?"

"ಏನೂ ಅಂದಿಲ್ಲ."

"ಏನೋ ಅಂದೀರಿ. ಅವರು ಬರಲಿಲ್ಲಂದ್ರ ನಾ ಒಳಗ ಯಾರ ಕೈ ಹಿಡೀಲಿ?"

"ನನ್ನ ಕೈ ಇದೆಯಲ್ಲ" ಎಂದೆ. ಹಿಂದಿನ ವರ್ಷ ನನ್ನ ರಕ್ತ ಪರೀಕ್ಷೆಗೆ ಸೂಜಿ ಚುಚ್ಚಿದಾಗ ನಾನು ಕುರ್ಚಿಯಿಂದ ಬಿದ್ದದ್ದನ್ನು ಅವಳು ಕಣ್ಣಾರೆ ಕಂಡಿದ್ದಳು.

ಇಷ್ಟಾದರೂ ನನಗೆ ಬುದ್ಧಿ ಬಂತೇ? ಇಲ್ಲ. ಒಂದು ಕಡೆಯವರನ್ನು ದೂರವಿಟ್ಟ ಮೇಲೆ ಇನ್ನೊಂದು ಕಡೆಯವರನ್ನು ನಿಷ್ಪಕ್ಷಪಾತವಾಗಿ ಪರೀಕ್ಷಿಸಬೇಕಲ್ಲ! ಶನಿವಾರ ಯಾರಿಗೂ ಹೇಳದೆ ಎಜ್‌ವೇರಿಗೆ ಹೋಗಿ, ಭಟ್ಟರ ಹೋಟೆಲಿನ ಮೂಲೆಯ ಮೇಜಿನಲ್ಲಿ ಸಾಮಾನ್ಯ ಗಿರಾಕಿಯಂತೆ ಕುಳಿತೆ. ಗುರುತು ಸಿಗದಿರಲೆಂದು ಮಫ್ಲರನ್ನು ಮೂಗಿನವರೆಗೆ ಸುತ್ತಿದ್ದೆ. ದೋಸೆ ತಿನ್ನಲು ಅದನ್ನು ಇಳಿಸಬೇಕಾದೀತು ಎಂಬುದನ್ನು ಯೋಚಿಸಿರಲಿಲ್ಲ.

"ಹ್ವಾಯ್, ನೀವ್ ನಮ್ಮ್ ಕುಂದಾಪ್ರದವ್ರ್ ಅಲ್ದಾ?" ಭಟ್ಟರು ಅಡುಗೆಮನೆಯಿಂದಲೇ ಕೂಗಿದರು. "ಕೂಕಣಿ ಮಾರಾಯ್ರೆ, ಕೂಕಣಿ!" ಎಂದು, ಏಳಹೊರಟ ನನ್ನನ್ನು ಅಲ್ಲಿಂದಲೇ ಮತ್ತೆ ಕೂರಿಸಿದರು.

ಮುಂದೆ ನಡೆದದ್ದನ್ನು ವಿವರಿಸಲು ಸಂಕೋಚವಾಗುತ್ತದೆ. ಭಟ್ಟರಿಗೆ ನನ್ನ ಸೋದರಮಾವನ ಪರಿಚಯವಿತ್ತು. ನಮ್ಮ ಬೀದಿಯ ಬಾವಿಯ ಪರಿಚಯವೂ ಇತ್ತು. ಅವರು ಊರಿನ ಮಾತಾಡುತ್ತ ಬಡಿಸಿದರು, ನಾನು ಊರಿನ ಮಾತು ಕೇಳುತ್ತ ತಿಂದೆ. ಕೊನೆಗೆ ಬಿಸಿ ಬಿಸಿ ಬಾದಾಮಿ ಹಲ್ವ ಬಂತು. ಬೇಡ ಎನ್ನಲು ಬಾಯಿ ತೆರೆದೆ. ತೆರೆದ ಬಾಯಿಗೆ ಹಲ್ವ ಹೋಯಿತು. ದುಡ್ಡು ಕೊಡಹೋದರೆ ಭಟ್ಟರು ನನ್ನ ಕೈ ಹಿಡಿದು ಬಿಡಲಿಲ್ಲ. ಹೊರಡುವಾಗ, "ಮನೆಯಲ್ಲಿ ಬಸುರಿ ಇದ್ದಾರಲ್ಲ" ಎಂದು ದೊಡ್ಡದೊಂದು ಪೊಟ್ಟಣ ಕೋಟಿನ ಜೇಬಿಗೆ ತುರುಕಿದರು. ಊರಿನ ಮನುಷ್ಯನಿಗೆ ಇಲ್ಲ ಎನ್ನುವುದು ಹೇಗೆ? ಈ ಪ್ರಶ್ನೆಯನ್ನು ಅಮೆರಿಕದವನೂ ಕೇಳಿಕೊಂಡಿರಬಹುದು ಎಂದು ವಾಪಸು ಬರುವಾಗ ನಾರ್ದರ್ನ್ ಲೈನಿನ ಟ್ಯೂಬಿನಲ್ಲಿ ಹೊಳೆಯಿತು. ಆಗಲೇ ಅವನ ಮೇಲೆ ನನಗೆ ಮೊದಲ ಬಾರಿ ಮರುಕ ಹುಟ್ಟಿದ್ದು.

ಹಗರಣ ಹೊರಬೀಳಬಾರದೆಂದು ದಾರಿಯುದ್ದಕ್ಕೂ ಸಾಕ್ಷ್ಯವನ್ನು ತಿನ್ನುತ್ತ ಬಂದೆ. ಎಲ್ಲವನ್ನೂ ತಿನ್ನಲಾಗಲಿಲ್ಲ. ವಸುಧಾ ಕೋಟು ನೇತುಹಾಕುವಾಗ ಪೊಟ್ಟಣ ಅವಳ ಕೈಗೆ ಸಿಕ್ಕಿತು. ಬಿಚ್ಚಿ ಮೂಸಿ ನೋಡಿದಳು.

"ಇದು ಯಾವ ದೇಶದ್ದರೀ?" ಎಂದಳು.

"ಎಜ್‌ವೇರಿಂದು."

"ಬಾಯಿ ಕೊಟ್ರ ಲಂಚ, ಭಟ್ಟರು ಕೊಟ್ರ ಪ್ರಸಾದ ಏನು?"

ನಾನು ಹಿತಾಸಕ್ತಿಯ ಸಂಘರ್ಷದ ಬಗ್ಗೆ ಏನೋ ಹೇಳಹೊರಟೆ. ಅವಳು ಹಲ್ವ ತಿನ್ನುತ್ತ ಒಳಗೆ ಹೋಗಿ ಕೋಣೆಯ ಬಾಗಿಲು ಹಾಕಿಕೊಂಡಳು. ಅದಾದ ಮೇಲೆ ನಮ್ಮಿಬ್ಬರ ನಡುವೆ ಉಪ್ಪಿಟ್ಟಿಗೆ ಉಪ್ಪು ಕಡಿಮೆ, ಉಪ್ಪಿಟ್ಟಿಗೆ ಉಪ್ಪು ಜಾಸ್ತಿ ಎಂಬ ಎರಡು ವಿಷಯ ಬಿಟ್ಟರೆ ಮಾತುಕತೆ ನಿಂತುಹೋಯಿತು.

ರಾಜ್ಯೋತ್ಸವ ಹತ್ತಿರ ಬಂದಾಗ ನಂಜುಂಡಯ್ಯನವರು ವರದಿ ಕೇಳಲು ನಮ್ಮ ಮನೆಗೇ ಬಂದರು. ನಾನು ಗಂಟಲು ಸರಿಮಾಡಿಕೊಂಡು, ಎರಡೂ ಪಕ್ಷಗಳಿಂದ ನಾನು ಕಾಯ್ದುಕೊಂಡ ಅಂತರವನ್ನು ಭಟ್ಟರ ಭಾಗ ಬಿಟ್ಟು ವಿವರಿಸಿದೆ. ಪಕ್ಕದ ಮನೆಯವರ ಡಬ್ಬ ನಿಲ್ಲಿಸಿದ್ದು, ವ್ಯಾನು ನಿರಾಕರಿಸಿದ್ದು ಎಲ್ಲವನ್ನೂ ಹೇಳಿದೆ. ನಂಜುಂಡಯ್ಯನವರ ಕೈಯಲ್ಲಿದ್ದ ಚಹದ ಕಪ್ಪು ಅರ್ಧದಲ್ಲೇ ನಿಂತಿತು.

"ಏನ್ ಸಾರ್ ಇದು? ಗ್ರೆಗರಿಯವ್ರು ಈ ಸಲ ಅಡುಗೆ ಮಾಡಲ್ಲ ಅಂತ ಆಗ್ಲೇ ಹೇಳ್ಬಿಟ್ಟಿದಾರಲ್ಲ."

"ಯಾವಾಗ?"

"ನಿಮ್ಗೆ ಈ ಕೆಲಸ ಕೊಡೋಕ್ ಮುಂಚೆನೇ. ಆ ವಾರಾನೇ ನಿಮ್ಮ ಮನೆಯವ್ರಿಗೆ ದಿನ ತುಂಬೋದಂತಲ್ಲ. ಬಾಯಿ ಹುಡುಗೀನ ಬಿಟ್ಟು ಬರಲ್ಲ, ಬಾಯಿ ಇಲ್ದೆ ನನ್ಗೆ ಅಷ್ಟು ಜನಕ್ಕೆ ಅಡುಗೆ ಆಗಲ್ಲ ಅಂದ್ರು. ಪಕ್ಕದ ಮನೇಲೇ ಇದೀರ, ನಿಮ್ಗೆ ಗೊತ್ತಿರತ್ತೆ ಅಂದ್ಕೊಂಡೆ. ಭಟ್ಟರೊಬ್ರೇ ಸಾರ್ ಇರೋದು."

ಹಾಗಾದರೆ ನಾನು ಇಷ್ಟು ದಿನ ಭಟ್ಟರೊಬ್ಬರೇ ಓಡುತ್ತಿದ್ದ ಪಂದ್ಯಕ್ಕೆ ತೀರ್ಪುಗಾರನಾಗಿದ್ದೆ. ಆದರೆ ಆ ಕ್ಷಣ ನನಗೆ ನಗು ಬರಲಿಲ್ಲ. ನನಗಾಗಿ, ಅಲ್ಲ, ನನ್ನ ಹೆಂಡತಿಗಾಗಿ ತಮ್ಮ ವರ್ಷದ ದೊಡ್ಡ ಕೆಲಸವನ್ನೇ ಬಿಟ್ಟುಕೊಟ್ಟ ಮನುಷ್ಯರನ್ನು ನಾನು ಲಂಚಕೋರರ ಸಾಲಿಗೆ ಸೇರಿಸಿದ್ದೆ. ಅವರು ಅದನ್ನು ನಮಗೆ ಹೇಳಿಕೊಂಡೂ ಇರಲಿಲ್ಲ. ಒಳಗಿನಿಂದ ಎಲ್ಲವನ್ನೂ ಕೇಳಿಸಿಕೊಂಡಿದ್ದ ವಸುಧಾ ಬಾಗಿಲಲ್ಲಿ ಬಂದು ನಿಂತಳು. ಅವಳ ಕಣ್ಣು ತುಂಬಿತ್ತು.

"ಹೋಗ್ರಿ. ಈಗಿಂದೀಗ ಹೋಗಿ ಕರಕೊಂಡು ಬರ್ರಿ. ಅವರು ಬರದ ನೀವೂ ಬರಬ್ಯಾಡ್ರಿ" ಎಂದಳು.

ಚಪ್ಪಲಿಯಲ್ಲೇ ಓಡಿದೆ. ಬಾಗಿಲು ತೆರೆದ ಫ್ಲಾವಿಯಾ ಬಾಯಿ ನನ್ನನ್ನು ಕಂಡು, "ನೋವು ಬಂತಾ?" ಎಂದು ಗಾಬರಿಯಾದರು. ಇಲ್ಲ ಎಂದ ಮೇಲೆ ಅವರ ಮುಖ ಮತ್ತೆ ಬಿಗಿಯಾಯಿತು. ಒಳಗೆ ಕರೆದು ಕೂರಿಸಿದರು. ಗ್ರೆಗರಿ ಪೊರ್ಬುಗಳು ಟಿವಿಯ ಸದ್ದು ತಗ್ಗಿಸಿದರು. ಎಲ್ಲಿಂದ ಶುರು ಮಾಡಬೇಕೆಂದು ತಿಳಿಯದೆ ಅಮೆರಿಕದಿಂದ ಶುರು ಮಾಡಿದೆ. ಗಂಬಳಿ, ಕೈಗಡಿಯಾರ, ತುಪ್ಪಳದ ಕೋಟು, ವ್ಯಾಪಾರಿ, ವಿಚಾರಣೆ, ಎಲ್ಲ ಮುಗಿಸಿ ರೇನರ್ಸ್ ಲೇನಿಗೆ ಬರುವಷ್ಟರಲ್ಲಿ ನನಗೆ ಬೆವರಿಳಿದಿತ್ತು.

"ಅಂದ್ರೆ ನಿಮ್ಮ ಅಮ್ಮ ಎಂತದೂ ಹೇಳ್ಲಿಲ್ವಾ?" ಎಂದರು ಬಾಯಿ ಕೊನೆಗೆ.

"ಯಾವ ಅಮ್ಮ? ಏನು ಹೇಳಬೇಕಿತ್ತು?"

"ನೀವು ಡಬ್ಬ ಖಾಲಿ ಕೊಟ್ರಿ. ಕಾರಣ ಹೇಳುವ ಹಾಗಿಲ್ಲ ಅಂದ್ರಿ. ನಾನು ಹಾಗೆ ಗ್ರಹಿಸಿದೆ, ಊರಿಂದ ಫೋನ್ ಬಂದಿರ್ಬೇಕು, ಕ್ರಿಸ್ತುವರ ಕೈಯಿಂದ ಬಾಣಂತನ ಬೇಡ ಅಂತ. ಅವರನ್ನು ದೂರುದಿಲ್ಲ. ಅವರ ಮೊಮ್ಮಗು ಅಲ್ವಾ? ನಾನು ಬಂದು ಹುಡುಗಿಗೆ ಧರ್ಮಸಂಕಟ ಮಾಡುದು ಬೇಡ ಅಂತ ದೂರ ನಿಂತೆ."

ಹೀಗೊಂದು ಅರ್ಥ ಹುಟ್ಟಬಹುದೆಂದು ನನಗೆ ಕನಸಿನಲ್ಲೂ ಹೊಳೆದಿರಲಿಲ್ಲ. ಇಷ್ಟು ದಿನ ಆ ಹೆಂಗಸು ಇದನ್ನು ನುಂಗಿಕೊಂಡು ಗೋಡೆಯಾಚೆ ಕುಳಿತಿದ್ದರು. "ತಪ್ಪಾಯಿತು ಬಾಯಿ. ಜಾತಿ ಧರ್ಮದ ಯೋಚನೆ ದೇವರಾಣೆಗೂ ಇರಲಿಲ್ಲ. ನನಗೆ ಬರೀ ತಲೆ ಕೆಟ್ಟಿತ್ತು" ಎಂದೆ.

ಬಾಯಿ ಗಂಡನ ಕಡೆ ತಿರುಗಿದರು. "ಕೇಳಿದ್ರಾ? ತಲೆ ಕೆಟ್ಟದ್ದಂತೆ. ಅಷ್ಟೆ ಅಂತೆ." ಅವರ ದನಿಯಲ್ಲಿ ಎಂಥ ಸಮಾಧಾನವಿತ್ತೆಂದರೆ, ನನಗೆ ತಲೆ ಕೆಟ್ಟ ಸುದ್ದಿಯಿಂದ ಇಷ್ಟು ಸಂತೋಷಪಟ್ಟವರನ್ನು ನಾನು ಬೇರೆ ಕಂಡಿಲ್ಲ.

ಪೊರ್ಬುಗಳು ಮಾತ್ರ ಗಂಭೀರವಾಗಿ ಯೋಚಿಸುತ್ತಿದ್ದರು. "ಅಲ್ಲ ಮಾರಾಯ್ರೆ, ಆ ಅಮೆರಿಕದವ ಗಂಬಳಿ ಕೊಟ್ಟವನನ್ನು ಕಡೆವರೆಗೆ ದೋಸ್ತಿ ಅಂತಲೇ ಹೇಳಿದ ಅಲ್ವಾ?"

"ಹೌದು."

"ನಿಮಗಿಂತ ಅವನೇ ಅಡ್ಡಿಲ್ಲ."

ಬಾಯಿ ಆಗಲೇ ಕೊಡೆಯನ್ನೂ ಎಣ್ಣೆಯ ಬಾಟಲಿಯನ್ನೂ ಹುಡುಕುತ್ತ ಒಳಗೆ ಹೋಗಿದ್ದರು. ನಾನು ಮನೆಗೆ ಹಿಂತಿರುಗುವ ಮೊದಲೇ ಅವರು ನಮ್ಮ ಮನೆ ಸೇರಿ, ವಸುಧಾಳ ಕಾಲು ತೊಡೆಯ ಮೇಲಿಟ್ಟುಕೊಂಡು ಒತ್ತುತ್ತಿದ್ದರು. ಒಲೆಯ ಮೇಲಿದ್ದ ನನ್ನ ಉಪ್ಪಿಟ್ಟನ್ನು ಒಮ್ಮೆ ನೋಡಿ, ಯಾರನ್ನೂ ಕೇಳದೆ ಕಸದ ಬುಟ್ಟಿಗೆ ಹಾಕಿದರಂತೆ. ವಸುಧಾ ಹೇಳಿದ್ದು.

ರಾಜ್ಯೋತ್ಸವದ ದಿನ ಬೆಳಿಗ್ಗೆ ನೋವು ಶುರುವಾಯಿತು. ಸಂಘದವರು ಭಟ್ಟರ ಊಟಕ್ಕೆ ಸಾಲು ನಿಲ್ಲುವ ಹೊತ್ತಿಗೆ ನಾವು ಪೊರ್ಬುಗಳ ವ್ಯಾನಿನಲ್ಲಿ ಆಸ್ಪತ್ರೆ ತಲುಪಿದ್ದೆವು. ಒಳಗೆ ಒಬ್ಬರು ಇರಬಹುದು, ಯಾರು ಬರುತ್ತೀರಿ ಎಂದು ನರ್ಸು ಕೇಳಿದಳು. ವಸುಧಾ ನನ್ನ ಕಡೆ ತಿರುಗಿಯೂ ನೋಡದೆ ಬಾಯಿಯವರ ಕೈ ಹಿಡಿದಳು. ನನಗೆ ಅದರಿಂದ ಬೇಸರವಾಗಲಿಲ್ಲ. ನಿಜ ಹೇಳಬೇಕೆಂದರೆ, ಯಾರೂ ಕೇಳುವ ಮೊದಲೇ ಅವರಿಬ್ಬರ ಕೋಟುಗಳನ್ನು ಇಸಿದುಕೊಂಡೆ.

ಪೊರ್ಬುಗಳು ವ್ಯಾನು ನಿಲ್ಲಿಸಲು ಜಾಗ ಹುಡುಕುತ್ತ ಹೋದವರು ಬಂದಿರಲಿಲ್ಲ. ನಾನು ಕಾರಿಡಾರಿನಲ್ಲಿ ಎಲ್ಲರ ಕೋಟುಗಳನ್ನು ತೋಳಿನ ಮೇಲೆ ಹಾಕಿಕೊಂಡು, ಕಾಲ ಬಳಿ ಚೀಲಗಳನ್ನಿಟ್ಟುಕೊಂಡು ನಿಂತಿದ್ದೆ. ಒಳಗಿನಿಂದ ವಸುಧಾಳ ಕೂಗು ಕೇಳಿದಾಗಲೆಲ್ಲ ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ಕೊನೆಗೆ ಬೇರೊಂದು ಕೂಗು ಕೇಳಿತು, ಸಣ್ಣದು, ಸಿಟ್ಟಿನದು. ಬಾಗಿಲು ತೆರೆದು ಹೊರಗೆ ಬಂದ ಸೂಲಗಿತ್ತಿ ಕೋಟುಗಳನ್ನೂ ಚೀಲಗಳನ್ನೂ ನನ್ನನ್ನೂ ನೋಡಿ, "ನೀವು ಮಿನಿಕ್ಯಾಬ್ ಟ್ಯಾಕ್ಸಿಯವರಾ?" ಎಂದು ಕೇಳಿದಳು.

"ಅಲ್ಲ, ಮಗುವಿನ ತಂದೆ" ಎಂದೆ.

ಅವಳಿಗೆ ಪೂರ್ತಿ ನಂಬಿಕೆ ಬಂದಂತೆ ಕಾಣಲಿಲ್ಲ. ಒಂದು ನಿಮಿಷ ಇರಿ ಎಂದು, ಒಳಗಿದ್ದ ಬಾಯಿಯವರನ್ನು ಕೇಳಲು ಹೋದಳು. ಬಾಯಿ ಹೌದು ಎಂದರಂತೆ. ಸ್ವಲ್ಪ ಯೋಚನೆ ಮಾಡಿದ ಮೇಲೆ.